ತಿಳಿಸಬೇಕಾದ್ದು ಏನೂ ಇಲ್ಲ

ಟೈಲರಮ್ಮನ ತೋಳಿಗೆ ರಬ್ಬರ್ ಪಟ್ಟಿ ಬಿಗಿದಾಗಿತ್ತು, ರಕ್ತ ತೆಗೆಯಲು ನರ್ಸಮ್ಮ ಸೂಜಿ ಎತ್ತಿಕೊಂಡಿದ್ದಳು. ಅಷ್ಟರಲ್ಲಿ ಡಾಕ್ಟರು ನಾಲ್ಕು ಹಾಳೆ ಹಿಡಿದುಕೊಂಡು, ಹಿಗ್ಗಿ ಹೀರೇಕಾಯಿಯಾಗಿ ಒಳಗೆ ಬಂದರು.

"ಇಲ್ನೋಡಿ ಅಮ್ಮಾ, ನಮ್ಮ ಸಂಶೋಧನೆಯ ಲೇಖನ ಅಚ್ಚಾಯ್ತು! ಇಲ್ಲಿ ಹದಿನೇಳನೇ ರೋಗಿ ಅಂತ ಇದೆಯಲ್ಲ, ಅದು ನೀವೇ."

ಟೈಲರಮ್ಮನಿಗೆ ಆ ಹಾಳೆಗಳ ತಲೆಬುಡ ತಿಳಿಯಲಿಲ್ಲ. ಡಾಕ್ಟರೇ ಬಿಡಿಸಿ ಹೇಳಿದರು. ಆಕೆಯ ರಕ್ತದಲ್ಲಿರುವುದು ಎಚ್‌ಐವಿ ಒಂದೇ ಅಲ್ಲ, ಇನ್ನೊಂದು ವೈರಸ್ಸೂ ಇದೆ. ಅದು ತನ್ನ ಪಾಡಿಗೆ ತಾನಿರುವಂಥದ್ದು, ಯಾರಿಗೂ ಕೇಡು ಮಾಡುವುದಿಲ್ಲ. ಅದು ಇರುವವರಲ್ಲಿ ಎಚ್‌ಐವಿ ನಿಧಾನಕ್ಕೆ ಮುಂದುವರಿಯುತ್ತದೆ ಎಂದು ಕಾಣುತ್ತದೆ. ಮಾತ್ರೆ ಸಿಗುವುದಕ್ಕೆ ಮುಂಚಿನ ಆರು ವರ್ಷ ಆಕೆ ಒಂದು ದಿನವೂ ಹಾಸಿಗೆ ಹಿಡಿಯದೆ ಹೊಲಿಗೆ ಮಿಷನ್ ತುಳಿದದ್ದಕ್ಕೆ ಇದೇ ಕಾರಣ ಇರಬಹುದು.

"ಇರಬಹುದು ಅಷ್ಟೆ, ಖಂಡಿತ ಅನ್ನೋ ಹಾಗಿಲ್ಲ. ನಿಮ್ಮ ಯಜಮಾನರದ್ದು ಆಗ ತೆಗೆದಿಟ್ಟಿದ್ದ ರಕ್ತಾನೂ ನೋಡಿದ್ವಿ, ಅವರಲ್ಲಿ ಅದು ಇರಲಿಲ್ಲ. ನೀವು ಅದೃಷ್ಟವಂತರು ಬಿಡಿ."

ಅದೃಷ್ಟವಂತೆ! ಇಬ್ಬರಿಗೂ ಒಟ್ಟಿಗೇ ಬಂದ ರೋಗ, ಗಂಡ ಮೂರೇ ವರ್ಷದಲ್ಲಿ ಕಡ್ಡಿಯಾಗಿ ಹೋಗಿದ್ದ. ಹೆಣ ಇನ್ನೂ ಮನೆಯಲ್ಲಿರುವಾಗಲೇ ನಾದಿನಿ ಎಲ್ಲರೆದುರು ಕೂಗಾಡಿದ್ದಳು, "ಇವಳು ಗುಟ್ಟಾಗಿ ಔಷಧಿ ನುಂಗಿದಾಳೆ, ನಮ್ಮಣ್ಣನಿಗೆ ಕೊಡಲಿಲ್ಲ. ಇಲ್ಲದಿದ್ರೆ ಗುಂಡುಕಲ್ಲಿನ ಹಾಗೆ ಹೇಗಿದಾಳೆ?" ಎಂದು. ಎಂಟು ವರ್ಷದ ಮಗಳ ಕೈ ಹಿಡಿದು ಎಳೆದುಕೊಂಡು ಹೋದಳು. ಆ ಮಗಳಿಗೀಗ ಇಪ್ಪತ್ತನಾಲ್ಕು. ಅಮ್ಮನ ನಂಬರು ಕಂಡರೆ ಫೋನ್ ಎತ್ತುವುದಿಲ್ಲ.

"ಇದು ನಿಮಗೆ ಯಾವಾಗಿಂದ ಗೊತ್ತು ಡಾಕ್ಟ್ರೇ?"

"ಒಂಬತ್ತು ವರ್ಷ ಆಯ್ತಲ್ಲ!"

ಒಂಬತ್ತು ವರ್ಷ. ವರ್ಷಕ್ಕೆ ನಾಲ್ಕು ಸಲ ಅಂಗಡಿ ಬಾಗಿಲು ಹಾಕಿ ಬಂದು, ತೋಳು ಚಾಚಿ, "ಏನಾದ್ರೂ ಹೊಸದಾಗಿ ಗೊತ್ತಾಯ್ತಾ?" ಎಂದು ಕೇಳಿ, "ಎಲ್ಲಾ ಸರಿಯಾಗಿದೆ, ಹೋಗ್ಬನ್ನಿ" ಎನ್ನಿಸಿಕೊಂಡು ಹೋಗಿದ್ದಳು. ಗಿರಾಕಿ ತಂದ ಬಟ್ಟೆಯಲ್ಲಿ ಒಂದೆಳೆ ನೂಲು ಎದ್ದಿದ್ದರೂ ಕತ್ತರಿ ಹಾಕುವ ಮುಂಚೆ ಕರೆದು ತೋರಿಸುವವಳು ಆಕೆ. ಸಿಟ್ಟು ನೆತ್ತಿಗೇರಿತು.

"ಮತ್ತೆ ನನಗ್ಯಾಕೆ ಹೇಳಲಿಲ್ಲ?"

ಡಾಕ್ಟರಿಗೆ ನಿಜಕ್ಕೂ ಆಶ್ಚರ್ಯವಾಯಿತು. ಫೈಲು ಬಿಚ್ಚಿ ತೋರಿಸಿದರು. ಪ್ರತಿ ವರದಿಯ ಕೊನೆಗೂ ಒಂದು ಕಾಲಂ, 'ರೋಗಿಗೆ ತಿಳಿಸಬೇಕಾದ್ದು'. ಅದರ ಮುಂದೆ ದುಂಡು ಅಕ್ಷರದಲ್ಲಿ, 'ಏನೂ ಇಲ್ಲ'.

"ತೊಂದರೆ ಕೊಡೋದಾದ್ರೆ ಮಾತ್ರ ತಿಳಿಸ್ತೀವಿ, ಅದೇ ನಮ್ಮ ಪದ್ಧತಿ. ಇದಕ್ಕೆ ಚಿಕಿತ್ಸೆ ಬೇಡ, ಪಥ್ಯ ಬೇಡ. ಸುಮ್ಮನೆ ನಿಮ್ಮ ತಲೆ ಯಾಕೆ ಕೆಡಿಸೋದು ಅಂತ..."

"ರಕ್ತ ಮಾತ್ರ ನಂದು ಬೇಕು, ತಲೆ ಬೇಡ್ವಾ?" ಟೈಲರಮ್ಮ ರಬ್ಬರ್ ಪಟ್ಟಿಯನ್ನು ತಾನೇ ಬಿಚ್ಚಿ ಮೇಜಿನ ಮೇಲೆ ಎಸೆದಳು. "ಗಂಡನ್ನ ಕೊಂದವಳು ಅನ್ನಿಸಿಕೊಂಡು ಹದಿನಾರು ವರ್ಷ ಆಯ್ತು. ನೀ ಯಾಕೆ ಸಾಯಲಿಲ್ಲ ಅಂತ ಮಗಳು ಕೇಳಿದಾಗ ನನ್ನ ಹತ್ರ ಉತ್ತರ ಇರಲಿಲ್ಲ. ಉತ್ತರ ನಿಮ್ಮ ಬೀರುವಲ್ಲಿ ಇತ್ತು! ಅವಳಿಗೀಗಲೇ ಫೋನ್ ಮಾಡಿ. ನಿಮ್ಮ ನಂಬರಾದ್ರೆ ಎತ್ತುತ್ತಾಳೆ. ನನಗೆ ಹೇಳಿದ್ದನ್ನೇ ಅವಳಿಗೂ ಹೇಳಿ."

ನರ್ಸಮ್ಮ ಸೂಜಿ ಕೆಳಗಿಟ್ಟಳು. ಡಾಕ್ಟರು ತಡವರಿಸಿದರು, ಗಡಿಯಾರ ನೋಡಿದರು, ಕೊನೆಗೆ ಟೈಲರಮ್ಮ ಬಾಯಿಪಾಠವಾಗಿ ಒಪ್ಪಿಸಿದ ನಂಬರು ಒತ್ತಿ ಸ್ಪೀಕರ್ ಹಾಕಿದರು. ತಾವು ಯಾರು, ಅಮ್ಮನ ರಕ್ತದಲ್ಲಿ ಏನಿದೆ, ಅಪ್ಪನಲ್ಲಿ ಏನಿರಲಿಲ್ಲ, ಆರು ವರ್ಷ ಅಮ್ಮ ಮಾತ್ರೆಯೇ ಇಲ್ಲದೆ ಹೇಗಿದ್ದರು, ಎಲ್ಲ ಹೇಳಿದರು. 'ಇರಬಹುದು' ಎಂಬುದನ್ನು ಮಾತ್ರ ಮೂರು ಸಲ ಹೇಳಿದರು.

ಫೋನ್ ಇಟ್ಟುಬಿಟ್ಟಳೇನೋ ಎಂದು ಟೈಲರಮ್ಮ ಮುಂದಕ್ಕೆ ಬಾಗಿದಳು.

"ಅಮ್ಮಾ..." ಮಗಳ ದನಿ ಕೇಳಿಸಿತು. "ಅಲ್ಲಿದ್ದೀಯಾ? ಇದನ್ನ ಇಷ್ಟು ವರ್ಷ ಯಾಕಮ್ಮಾ ನನಗೆ ಹೇಳಲಿಲ್ಲ?"

ಟೈಲರಮ್ಮ ಕಣ್ಣೊರೆಸಿಕೊಂಡಳು. ಆಮೇಲೆ ಫೈಲನ್ನು ಡಾಕ್ಟರ ಕಡೆ ತಿರುಗಿಸಿ, 'ಏನೂ ಇಲ್ಲ' ಎಂಬ ಆ ಎರಡು ಪದಗಳ ಮೇಲೆ ಬೆರಳಿಟ್ಟಳು.

"ಓದಿ ಡಾಕ್ಟ್ರೇ. ಅವಳಿಗೆ ಕೇಳಿಸೋ ಹಾಗೆ ಓದಿ."