ಹಲಸಿನ ಬಾಗಿಲು

ಶಿವರಾತ್ರಿಗೆ ಮುಂಚಿನ ಚಳಿ. ಬಿಸಿಲೇರುವ ಹೊತ್ತಿಗೆ ನನ್ನ ಹಳೇ ಮರಮುಟ್ಟಿನ ಅಂಗಡಿ ತೆರೆದರೆ ಬೇಕರಿಯವನು ಆಗಲೇ ಬಂದು ನಿಂತಿದ್ದ. ಯಾರೂ ಕೊಳ್ಳದ ಹಲಸಿನ ಬಾಗಿಲನ್ನು ಒಲೆಗೆ ಒಯ್ಯಬೇಕಂತೆ.

ಊರಲ್ಲಿ ಹಳೇ ಮನೆ ಕೆಡವಿದರೆ ಇಟ್ಟಿಗೆ, ಹೆಂಚು, ತೊಲೆ ಎಲ್ಲವನ್ನೂ ಕೆರೆಗೆ ಸುರಿಯುತ್ತಾರೆ. ಈ ಬಾಗಿಲನ್ನು ನಾನು ಜೆಸಿಬಿಯ ಬಾಯಿಂದ ಉಳಿಸಿ ತಂದಿದ್ದೆ. ಆದರೆ ನಮ್ಮ ಕಡೆ ಹಳೇ ಬಾಗಿಲು ಕೊಳ್ಳುವವರು ಮರ ನೋಡುವ ಮೊದಲು ಅದು ಯಾವ ಮನೆಯದು ಎಂದು ಕೇಳುತ್ತಾರೆ. ಸುಳ್ಳು ಹೇಳಿ ಮಾರುವಂತಿಲ್ಲ. ನಿಜ ಹೇಳಿದರೆ ಎಲ್ಲರೂ ಹಿಂದೆ ಸರಿಯುತ್ತಾರೆ. ಹೇಳಿ ಹೇಳಿ ನನಗೂ ರೋಸಿಹೋಗಿತ್ತು.

ಅಷ್ಟರಲ್ಲಿ ಒಬ್ಬ ಹೆಂಗಸು ಗಾರೆಯವನನ್ನು ಕರೆದುಕೊಂಡು ಬಂದಳು. ಒಂಟಿಯಾಗಿದ್ದಾಳೆ, ಒಂದು ಕೋಣೆಯ ಮನೆ ಕಟ್ಟಿಸುತ್ತಿದ್ದಾಳೆ ಎಂದು ಅವನೇ ಹೇಳಿದ.

"ಇದ್ಯಾರ ಮನೇದು ತಾತ?" ಎಂದು ಗಾರೆಯವನು ಬಾಗಿಲು ತೋರಿಸಿ ಕೇಳಿದ.

"ಕೆರೆಕೋಡಿ ದೊಡ್ಡಮನೇದು ಕಣಪ್ಪ. ಸೊಸೇನ ರಾತ್ರೋರಾತ್ರಿ ಆಚೆ ತಳ್ಳಿ ಚಿಲಕ ಹಾಕ್ಕಂಡ್ರು. ಆಮೇಲೆ ಆ ಮನೆ ಏಳಿಗೆ ಆಗ್ಲಿಲ್ಲ."

"ಬ್ಯಾಡ ಬುಡಕ್ಕ. ಇಂಥದ್ನ ನಾನು ನಿಲ್ಸಕ್ಕಿಲ್ಲ."

"ನಮ್ಮೊಲೆ ಏನೂ ಕೇಳಕ್ಕಿಲ್ಲ ಬುಡು," ಎಂದು ಬೇಕರಿಯವನು ನಕ್ಕ.

"ಮರ ಏನ್ರಪ್ಪಾ ಪಾಪ ಮಾಡೈತೆ?" ಎಂದೆ. ಗಾರೆಯವನು ಹೊರಡಲು ತಿರುಗಿದ.

ಹೆಂಗಸು ಮಾತ್ರ ಕದಲಲಿಲ್ಲ, ಬಾಗಿಲನ್ನು ತನಗೇ ಎತ್ತಿಡಲು ಹೇಳಿದಳು. ಬುಧವಾರ ಅದನ್ನು ಟೆಂಪೋಗೆ ಹೇರಿಸಿಕೊಂಡು ಹೊರಡುವಾಗ ನನ್ನ ಕಡೆ ತಿರುಗಿದಳು.

"ಒಳ್ಳೆ ಗಟ್ಟಿ ಬಾಗ್ಲು ತಾತ. ಅವತ್ತು ಬೆಳಗಾಗೋಗಂಟ ಆಚೆ ನಿಂತ್ಕಂಡು ಬಡ್ದಿದ್ದೀನಿ, ಒಂಚೂರೂ ಅಲುಗಾಡ್ಲಿಲ್ಲ."