ಎಂತ ಪದಾರ್ಥ?

ಫೋನಿನ ಪರದೆಯಿಂದ ನಿಖಿತಾಳ ವಿಮಾನದ ಗುರುತು ಮಾಯವಾದಾಗ ದೇವದಾಸರು ಬಾಯಿಗೆ ತಂದ ತುತ್ತನ್ನು ತಟ್ಟೆಗೇ ಹಾಕಿಬಿಟ್ಟರು. ಪುಟ್ಟ ವಿಮಾನದಲ್ಲಿ ಒಬ್ಬಳೇ ಭೂಮಿ ಸುತ್ತಲು ಹೊರಟ ಮಗಳು ಆಗ ಅಟ್ಲಾಂಟಿಕ್ ಸಾಗರದ ನಡುಮಧ್ಯದಲ್ಲಿದ್ದಳು.

"ಊಟ ಮಾಡಿ ಮಾರಾಯ್ರೇ," ಎಂದರು ಹೆಂಡತಿ ಕುಶಲಾ. "ನೀವು ಬೋಟಿಗೆ ಹೋದಾಗೆಲ್ಲ ನಾನೂ ಹೀಗೇ ಕೂತದ್ದಲ್ವಾ?"

ಉಚ್ಚಿಲದ ಕಡಲಲ್ಲೇ ಮೀನು ಹಿಡಿಯುತ್ತ ಆಯುಷ್ಯ ಕಳೆದ ದೇವದಾಸರಿಗೆ ಕಾದು ಗೊತ್ತಿರಲಿಲ್ಲ. ಎಂಥ ಗಾಳಿಗೆ ಸಿಕ್ಕಿ ಮರಳಿದರೂ ಅಂಗಳದಿಂದಲೇ, "ಊಟಕ್ಕೆ ಎಂತ ಪದಾರ್ಥ?" ಎಂದು ಕೂಗುವುದಷ್ಟೇ ಗೊತ್ತಿತ್ತು.

ಸಂಜೆ ಫೋನು ರಿಂಗಾಯಿತು. ಒಬ್ಬಂಟಿಯಾಗಿ ಸಾಗರ ದಾಟಿ ದಾಖಲೆ ಬರೆದ ಮಗಳು ಗಾಳಿಯ ಸುದ್ದಿಯನ್ನೇ ಎತ್ತಲಿಲ್ಲ.

"ಅಪ್ಪ, ಊಟಕ್ಕೆ ಎಂತ ಪದಾರ್ಥ?"

ದೇವದಾಸರು ಫೋನನ್ನು ಕುಶಲಾರ ಕೈಗಿತ್ತರು.

"ನೀನೇ ಹೇಳು. ನಿನಗೆ ಅಭ್ಯಾಸ ಉಂಟು."