ಚಕ್ರ ಎತ್ತದ ಅಳಿಯ

"ನೆಲಕ್ಕಿಳಿಯೋವಾಗ ಚಕ್ರ ಕೆಳಗೆ, ನೀರಿಗಿಳಿಯೋವಾಗ ಚಕ್ರ ಮೇಲೆ. ಇಷ್ಟು ನೆನಪಿರದವನಿಗೆ ವಿಮಾನ ಯಾಕೆ? ತಳ್ಳುಗಾಡಿ ಸಾಕಿತ್ತು," ಎಂದರು ಮಾವ.

ಅಳಿಯ ಆಸ್ಪತ್ರೆಯ ಮಂಚದ ಮೇಲೆ ಮಲಗಿದ್ದ. ಅವನ ಬಲಭುಜ ಮುರಿದಿತ್ತು. ಕಾಲ ಬಳಿ ತನಿಖಾಧಿಕಾರಿ ಕಾಗದ ಹಿಡಿದು ಕುಳಿತಿದ್ದರು. ಕಿಟಕಿಯ ಪಕ್ಕ ಮಗಳು, ಹಣೆಗೆ ನಾಲ್ಕು ಹೊಲಿಗೆ.

ಮಾವ ಮೂವತ್ತು ವರ್ಷ ದೊಡ್ಡ ವಿಮಾನ ಹಾರಿಸಿ, ಒಂದು ಗೀರೂ ಬೀಳಿಸದೆ ನಿವೃತ್ತರಾದವರು. ಮಗಳಿಗೂ ತಾವೇ ಮುಂದೆ ನಿಂತು ವಿಮಾನ ಹಾರಿಸಲು ಕಲಿಸಿದ್ದರು. ಅಳಿಯನನ್ನು ಮಾತ್ರ ಮದುವೆಯ ದಿನದಿಂದಲೂ ಲೆಕ್ಕಕ್ಕಿಟ್ಟಿರಲಿಲ್ಲ. ನೆಲಕ್ಕೂ ನೀರಿಗೂ ಇಳಿಯುವ ಪುಟ್ಟ ವಿಮಾನದಲ್ಲಿ ಸರೋವರದಾಚೆಯ ಊರಿಗೆ ಔಷಧಿ, ಅಂಚೆ ಹೊರುವವನೂ ಒಬ್ಬ ಪೈಲಟ್ಟೇ? ಊಟದ ಮೇಜಿನಲ್ಲಿ ಅವನು ಆರಂಭಿಸಿದ ಯಾವ ಮಾತನ್ನೂ ಅವರು ಪೂರ್ತಿಯಾಗಲು ಬಿಟ್ಟವರಲ್ಲ.

ತನಿಖಾಧಿಕಾರಿ ಓದಿದರು. "ಗಾಳಿ ಇರಲಿಲ್ಲ. ಎಂಜಿನ್ ಸರಿಯಿತ್ತು. ರನ್‌ವೇ ಬಿಟ್ಟ ಮೇಲೆ ಚಕ್ರ ಮಡಚೇ ಇಲ್ಲ. ನೀರು ತಾಗಿದ ತಕ್ಷಣ ಚಕ್ರ ಕಚ್ಚಿಕೊಂಡು ವಿಮಾನ ಪಲ್ಟಿ. ಕಾರಣ, ಪೈಲಟ್‌ನ ಅಜಾಗರೂಕತೆ. ಒಪ್ಕೋತೀರಾ?"

"ಹೂಂ ಮೇಡಂ. ತಪ್ಪು ನನ್ನದೇ."

"ಸಹಿ ಹಾಕಿದ್ರೆ ಲೈಸೆನ್ಸ್ ಹೋಗುತ್ತೆ."

"ಗೊತ್ತು."

"ಹೋಗ್ಲಿ ಬಿಡಿ," ಎಂದರು ಮಾವ. "ಜೊತೇಲಿ ಕೂತಿದ್ದ ನನ್ನ ಮಗಳನ್ನೇ ಮುಳುಗಿಸೋಕೆ ಹೊರಟಿದ್ದ."

"ತಲೆಕೆಳಗಾದ ವಿಮಾನದಿಂದ ಒಂಟಿ ಕೈಯಲ್ಲಿ ಅವರನ್ನ ಎಳೆದು ತಂದಿದ್ದೂ ಇವರೇ, ಸರ್," ಎಂದರು ತನಿಖಾಧಿಕಾರಿ.

"ತಲೆಕೆಳಗು ಮಾಡಿದ್ದು ಯಾರು ಮತ್ತೆ? ನನ್ನ ಮಗಳು ಇಳಿಸಿದ್ದಿದ್ರೆ ನೀರಿಗೂ ಗೊತ್ತಾಗ್ತಿರಲಿಲ್ಲ."

ಮಗಳು ಮುಖ ತಿರುಗಿಸಿದಳು. ಪಾಪ, ಇಂಥವನನ್ನು ಕಟ್ಟಿಕೊಂಡಿದ್ದಕ್ಕೆ ನಾಚಿಕೆಯಾಗಿರಬೇಕು ಎಂದುಕೊಂಡರು ಮಾವ.

ಸಹಿ ಹಾಕಲು ಅಳಿಯ ಪೆನ್ನಿಗೆ ಎಡಗೈ ಚಾಚಿದ. ಬೆರಳುಗಳ ನಡುವಿನಿಂದ ಪೆನ್ನು ಜಾರಿತು. ಮಾವ ಲೊಚಗುಟ್ಟಿದರು. ಮಗಳು ಎದ್ದು ಬಂದು ಪೆನ್ನು ಎತ್ತಿಕೊಂಡಳು. ಬೇಡವೆಂದು ಗಂಡ ತಲೆಯಾಡಿಸಿದ. ಅವಳು ನಿಲ್ಲಲಿಲ್ಲ. ಕಾಗದದಲ್ಲಿ ಪೈಲಟ್ ಎಂದಿದ್ದಲ್ಲಿ ಅವನ ಹೆಸರು ಹೊಡೆದುಹಾಕಿ, ತನ್ನದು ಬರೆದಳು.

"ಚಕ್ರ ಎತ್ತು ಅಂತ ಇವರು ಎರಡು ಸಲ ಹೇಳಿದ್ರು ಅಪ್ಪ," ಎಂದಳು, "ಇವರ ಮಾತನ್ನೇನು ಕೇಳೋದು ಅಂತ ನಾನೇ ಕೇಳಲಿಲ್ಲ."